ತಣ್ಣೀರಿನ ಪಾಠ

ಸ್ಕಾರ್ವೊಯ್ ದ್ವೀಪ
ಅಕ್ಟೋಬರ್ ೨೬

ಪ್ರೀತಿಯ ಮಾಗ್ನಿಲ್,

ಹೇಗಿದ್ದೀಯ? ನಿನ್ನ ಆಗಸ್ಟಿನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ ಎನ್ನಲು ಬಾಯಿಲ್ಲ, ಬೈಸಿಕೊಳ್ಳುವಷ್ಟು ತಡ ಮಾಡಿದ್ದೇನೆ. ಎಷ್ಟೋ ಸಲ ಹಾಳೆ ತೆಗೆದಿಟ್ಟುಕೊಂಡು ಕೂತೆ. ಒಮ್ಮೆ ಕುರಿಗಳನ್ನು ಗುಡ್ಡದಿಂದ ಇಳಿಸುವ ಗಡಿಬಿಡಿ, ಒಮ್ಮೆ ಓಡ್ವಾರ್‌ನ ಬೆನ್ನುನೋವು, ಒಮ್ಮೆ ನನ್ನ ಸೊಂಟ. ಆಮೇಲೆ ನಡೆದದ್ದನ್ನು ಮಾತ್ರ ನೆಪ ಎನ್ನಲಾರೆ, ಅದನ್ನು ಹೇಳಲೆಂದೇ ಇವತ್ತು ಗಟ್ಟಿ ಮನಸ್ಸು ಮಾಡಿ ಕೂತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧಕ್ಕೆ ನೀನು ಸುಮ್ಮನೆ "ಹೌದು ಹೌದು" ಎನ್ನುತ್ತೀಯ. ಇದು ಹಾಗೆ ಕೇಳಿಸಿಕೊಳ್ಳುವ ವಿಷಯವಲ್ಲ.

ಅಲ್ಲಿ ಪಟ್ಟಣದಲ್ಲಿ ಟ್ರಾಮಿನ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ನೀನು ಬರೆದಿದ್ದೆ. ಓಡ್ವಾರ್‌ಗೆ ಓದಿ ಹೇಳಿದರೆ, "ಬಾಗಿಲು ಮುರಿಯೋ ಹಾಗೆ ಬಡಿದ್ರೂ ಕೇಳಿಸ್ದೋಳಿಗೆ ಟ್ರಾಮು ಹೆಂಗೆ ಕೇಳಿಸ್ತದೆ?" ಎಂದು ನಕ್ಕ. ನಿನ್ನ ತಂಗಿಗೆ ನನ್ನ ನೆನಪು ಹೇಳು. ಇಲ್ಲಿ ವಿಶೇಷವೇನಿಲ್ಲ. ಈ ಚಳಿಗಾಲದಿಂದ ಫೆರಿ ದಿನಕ್ಕೆ ಒಂದೇ ಸಲವಂತೆ. ಅಂಗಡಿಯಲ್ಲಿ ಒಳ್ಳೆಯ ಆಲೂಗಡ್ಡೆ ಸಿಗುತ್ತಿಲ್ಲ. ನೀನು ಮೂವತ್ತು ವರ್ಷ ನರ್ಸ್ ಆಗಿದ್ದ ಆರೋಗ್ಯ ಕೇಂದ್ರಕ್ಕೆ ಯಾರ ತಲೆಗೆ ಹೊಳೆಯಿತೋ, ಹಳದಿ ಬಣ್ಣ ಬಳಿದಿದ್ದಾರೆ. ನಿನ್ನ ಜಾಗಕ್ಕೆ ಬಂದ ಹುಡುಗಿಯ ಹೆಸರು ರೂನಾ. ಒಳ್ಳೆಯವಳು, ಕೈ ಹಗುರ, ಮಾತು ಜಾಸ್ತಿ.

ಸೆಪ್ಟೆಂಬರಿನಲ್ಲಿ ಎಂದಿನಂತೆ ನಮ್ಮ ದೋಣಿಮನೆಯಲ್ಲಿ ತಣ್ಣೀರಿನ ಪಾಠ ನಡೆಸಿದೆವು. ಇದೇ ಕೊನೆ ಎಂದು ಓಡ್ವಾರ್‌ಗೆ ಮೊದಲೇ ಹೇಳಿಬಿಟ್ಟಿದ್ದೆ. ಸಾಕಾಗಿದೆ ಮಾಗ್ನಿಲ್. ವರ್ಷವೂ ಅದೇ ಮಾತು, ಅದೇ ನಗು, ಬೇಸಿಗೆಯಲ್ಲಿ ಕಯಾಕ್ ದೋಣಿ ಕೊಂಡ ಹೊಸ ಹೊಸ ಮುಖಗಳು. ಬಂದವರು ಕಾಫಿ ಕುಡಿಯುತ್ತಾರೆ, ಕಾಗದದಷ್ಟು ತೆಳ್ಳಗಿನ ನನ್ನ ಲೆಫ್ಸೆ ರೊಟ್ಟಿಯನ್ನು ಹೊಗಳುತ್ತಾರೆ, ಮರುವಾರ ಹತ್ತಿಬಟ್ಟೆ ಹಾಕಿಕೊಂಡು ನೀರಿಗಿಳಿಯುತ್ತಾರೆ. ನಾನು ಗೋಡೆಗೆ ಹೇಳುತ್ತಿದ್ದೇನೋ ಎನಿಸುತ್ತದೆ.

ಆದರೂ ನಡೆಸಿದೆ. ಯಾಕೆ ಶುರುಮಾಡಿದೆವೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಮಗ ಐಲಿಫ್ ಹೋಗಿ ಈ ಅಕ್ಟೋಬರಿಗೆ ಒಂಬತ್ತು ವರ್ಷ. ಹಾಯಿದೋಣಿಯನ್ನು ಚಳಿಗಾಲಕ್ಕೆ ದಡ ಸೇರಿಸುತ್ತೇನೆಂದು ಹೊರಟವನು, ಬಿಸಿಲಿದೆಯೆಂದು ಲೈಫ್ ಜಾಕೆಟ್ ಕೂಡ ಹಾಕದೆ. ಮಾರನೆಯ ದಿನ ಜಲಸಂಧಿಯ ಆಚೆ ಸಿಕ್ಕಾಗ ಅವನನ್ನು ತಂದಿದ್ದು ನಿನ್ನ ಹತ್ತಿರ. ಆವತ್ತು ನೀನು ನನ್ನ ಎರಡೂ ಕೈ ಹಿಡಿದು ಹೇಳಿದೆ: "ಮೊದಲನೇ ಉಸಿರಿಗೇ ಮುಗಿದಿತ್ತು ಹೆರ್ಡಿಸ್. ತಣ್ಣೀರು ತಗುಲಿದ ಕೂಡಲೇ ಬಾಯಿ ತಾನಾಗೇ ತೆರೆಯುತ್ತೆ, ನೀರು ಒಳಗೆ ಹೋಗುತ್ತೆ. ಅವನಿಗೆ ಏನೂ ಗೊತ್ತಾಗ್ಲಿಲ್ಲ." ಆ ಮಾತು ಹಿಡಿದುಕೊಂಡೇ ನಾನು ಎದ್ದು ಕೂತದ್ದು. ಮೊದಲ ಉಸಿರು ಒಬ್ಬನನ್ನು ಒಯ್ಯುವುದಾದರೆ, ಆ ಒಂದು ಉಸಿರನ್ನು ದಾಟುವುದನ್ನು ಜನಕ್ಕೆ ಕಲಿಸಬಹುದಲ್ಲ ಎನಿಸಿತು. ಪಾಠ ಹುಟ್ಟಿದ್ದೇ ಹಾಗೆ.

ಈ ಸಲ ಬಂದವರಲ್ಲಿ ಸೀವರ್ಟ್ ಎಂಬವನಿದ್ದ. ನೀನು ಹೋದ ಮೇಲೆ ಬಂದವನು, ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾನೆ. ನಲವತ್ತು ದಾಟಿದೆ, ಒಬ್ಬಂಟಿ, ಎತ್ತರದ ಆಳು, ಒಣಗಿದ ಮೀನಿನಂತಿದ್ದಾನೆ. ಬೇಸಿಗೆಯಲ್ಲಿ ಯಾರದೋ ಹಳೆಯ ಕಯಾಕ್ ತೆಗೆದುಕೊಂಡು ಹುಟ್ಟು ಹಾಕುವುದನ್ನು ಕಲಿತಿದ್ದ. ಎಲ್ಲರನ್ನೂ ಕಟ್ಟೆಯಿಂದ ಬಟ್ಟೆ ಸಮೇತ ನೀರಿಗಿಳಿಸುವ ಹೊತ್ತು ಬಂದಾಗ ಇವನು ಹಿಂದೆ ಹಿಂದೆ ಸರಿದ.

"ಹೆರ್ಡಿಸ್, ಇದು ಪಾಠಾನಾ, ಶಿಕ್ಷೇನಾ?"

"ಭಾನುವಾರ ನೀವು ನುಡಿಸೋದನ್ನ ನಾವು ಕೇಳ್ತೀವಲ್ಲ, ಅದಕ್ಕೆ ಇದು," ಎಂದ ಓಡ್ವಾರ್. ಎಲ್ಲರೂ ನಕ್ಕರು. ಸೀವರ್ಟ್ ಮೂಗು ಹಿಡಿದು ಹಾರಿದ. ಮೇಲೆ ಬಂದವನೇ ಕಿರುಚಿದ ರಭಸಕ್ಕೆ ಕಡಲಬಾತುಗಳೆಲ್ಲ ಎದ್ದು ಹಾರಿಹೋದವು.

ನಾನು ಎಂದಿನ ಮಾತನ್ನೇ ಹೇಳಿದೆ. "ಈಜಬೇಡಿ. ಒದ್ದಾಡಬೇಡಿ. ಜಾಕೆಟ್ ಮೇಲೆ ಒರಗಿ, ಬಾಯನ್ನ ನೀರಿಂದ ಮೇಲಿಡಿ, ಅಷ್ಟೇ ಕೆಲಸ. ಎದೆ ಬಡ್ಕೊಳ್ಳುತ್ತೆ, ಸತ್ತೇ ಹೋದೆ ಅನ್ಸುತ್ತೆ. ಸಾಯಲ್ಲ. ಉಸಿರು ತಾನಾಗಿ ತಹಬಂದಿಗೆ ಬರುತ್ತೆ. ಬಂದ ಮೇಲೆ ಯೋಚನೆ ಮಾಡಿ." ಬೆರಳು ಮರಗಟ್ಟುವ ಮೊದಲೇ ಮಾಡಬೇಕಾದ್ದನ್ನು ಮಾಡಿಬಿಡಬೇಕು, ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕು, ದೋಣಿ ಮಗುಚಿದರೂ ಅದನ್ನು ಬಿಟ್ಟು ದೂರ ಹೋಗಬಾರದು ಎಂದೆ. ಓಡ್ವಾರ್ ತನ್ನ ಪಾಲಿನದನ್ನು ಸೇರಿಸಿದ: "ಬಿಸಿಲು ನೋಡಿ ಬಟ್ಟೆ ಹಾಕ್ಬೇಡಿ, ನೀರು ನೋಡಿ ಹಾಕಿ. ಹೋಗೋ ಮುಂಚೆ ಎಲ್ಲಿಗೆ, ಯಾವಾಗ ವಾಪಸ್ ಅಂತ ಯಾರಿಗಾದ್ರೂ ಹೇಳಿ ಹೋಗಿ. ಹೆಂಡ್ತಿ ಇಲ್ದಿದ್ರೆ ನಮ್ಮನೆ ಕಿಟಕೀಲಿ ಹೇಳಿ, ಇವಳು ಯಾವಾಗ್ಲೂ ಅಲ್ಲೇ ಇರ್ತಾಳೆ."

ಕೈ ಸೋತಿತು. ಸೊಂಟ ಕೂರಲು ಬಿಡುತ್ತಿಲ್ಲ. ಉಳಿದದ್ದನ್ನು ಮತ್ತೆ ಬರೆಯುತ್ತೇನೆ.

ಅಕ್ಟೋಬರ್ ೨೮

ನಿನ್ನೆ ಚರ್ಚಿನ ಹಜಾರದಲ್ಲಿ ಊರೂಟವಿತ್ತು, ಕುರಿಮಾಂಸ ಮತ್ತು ಎಲೆಕೋಸು. ನನ್ನನ್ನು ಪಾದ್ರಿಯ ಪಕ್ಕ ಕೂರಿಸಿದರು. ಯಾಕೆಂದು ಈಗ ಹೇಳುತ್ತೇನೆ.

ಈ ತಿಂಗಳ ಮೊದಲ ಭಾನುವಾರ ಬೇಸಿಗೆ ಮರಳಿ ಬಂದಂತಿತ್ತು. ಪ್ರಾರ್ಥನೆ ಮುಗಿಸಿ ಬಂದು ಕಿಟಕಿ ತೆರೆದಿಟ್ಟು ಮೀನು ಹುರಿಯುತ್ತಿದ್ದೆ. ಕಡಲು ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗೆ ಅಲುಗಾಡದೆ ಮಲಗಿತ್ತು. ಸೀವರ್ಟ್ ಕಯಾಕನ್ನು ಹೆಗಲ ಮೇಲಿಟ್ಟುಕೊಂಡು ಬಂದು ಕಿಟಕಿಯ ಕೆಳಗೆ ನಿಂತ.

"ವರದಿ ಒಪ್ಪಿಸ್ತಿದ್ದೀನಿ ಮೇಡಂ. ನೀರುಕಾಗೆ ಬಂಡೆ ಸುತ್ತಿ ವಾಪಸ್. ನಿಮ್ಮನೆ ಕಾಫಿ ಹೊತ್ತಿಗೆ ಇಲ್ಲಿರ್ತೀನಿ."

ಜಾಕೆಟ್ ಹಾಕಿದ್ದ, ಸೀಟಿ ನೇತಾಡುತ್ತಿತ್ತು. ಕೆಳಗೆ ಮಾತ್ರ ಚರ್ಚಿಗೆ ಹಾಕಿಕೊಂಡಿದ್ದ ತೆಳು ಪ್ಯಾಂಟು.

"ಆ ಪ್ಯಾಂಟಲ್ಲಾ? ನೀರಿಗೆ ಹಾಕೋ ಸೂಟ್ ಎಲ್ಲಿ?"

"ಬಿಸಿಲು ನೋಡಿ ಹೆರ್ಡಿಸ್! ಅದನ್ನ ಹಾಕ್ಕೊಂಡ್ರೆ ಒಳಗೇ ಬೆಂದುಹೋಗ್ತೀನಿ."

"ಬಿಸಿಲಲ್ಲಿ ಬೀಳಲ್ಲ ನೀವು, ನೀರಲ್ಲಿ ಬೀಳೋದು."

"ಇವತ್ತೊಂದು ದಿನ," ಎಂದು ಕೈಮುಗಿದು ಹೋಗಿಯೇ ಬಿಟ್ಟ. ಓಡ್ವಾರ್ ಊಟ ಮಾಡಿ ಕುರ್ಚಿಯಲ್ಲೇ ಗೊರಕೆ ಹೊಡೆಯತೊಡಗಿದ. ನಾನು ಪಾತ್ರೆ ತೊಳೆದೆ. ಕಾಫಿ ಇಟ್ಟೆ. ಅಷ್ಟರಲ್ಲಿ ಕಿಟಕಿಯ ಪರದೆ ಒಳಕ್ಕೆ ಹಾರಿ ಹುರಿದ ಮೀನಿನ ಮೇಲೆ ಬಿತ್ತು. ವಾಯವ್ಯದ ಗಾಳಿ. ಅದು ಹೇಗೆ ಬರುತ್ತದೆಂದು ನಿನಗೆ ಗೊತ್ತು, ಬಾಗಿಲು ತಟ್ಟುವುದಿಲ್ಲ. ಹೊರಗೆ ನೋಡಿದರೆ ಬಂಡೆಯ ಸುತ್ತ ಆಗಲೇ ಬಿಳಿ ನೊರೆ.

ಕಾಫಿ ಆರಿತು. ಅವನು ಬರಲಿಲ್ಲ.

ಓಡ್ವಾರ್‌ನನ್ನು ಅಲುಗಾಡಿಸಿ ಎಬ್ಬಿಸಿದೆ. "ದಡದಲ್ಲಿ ಎಲ್ಲೋ ಕೂತಿರ್ತಾನೆ ಕಣೇ, ಗಾಳಿ ನಿಲ್ಲಲಿ ಅಂತ," ಎಂದ. ಮಾತು ಹಾಗೆ, ಕೈ ಮಾತ್ರ ಬೂಟು ಹುಡುಕುತ್ತಿತ್ತು. ರಕ್ಷಣಾ ದೋಣಿಗೆ ಫೋನ್ ಮಾಡಿದೆ. ಉತ್ತರದ ಕಡೆ ಇನ್ನೊಂದು ಹಡಗಿನ ಹತ್ತಿರವಿದ್ದರಂತೆ, ಹೊರಟಿದ್ದೇವೆ, ನೀವು ಹುಷಾರು ಎಂದರು. ನಾವಿಬ್ಬರೂ ಸೂಟ್ ತೊಟ್ಟು, ಜಾಕೆಟ್ ಬಿಗಿದು ನಮ್ಮ ಹಳೆಯ ದೋಣಿ ಇಳಿಸಿದೆವು. ಒಬ್ಬರನ್ನು ಹುಡುಕಲು ಹೋಗಿ ನಾವೇ ಇಬ್ಬರಾಗಿ ಬಿದ್ದರೆ ಹುಡುಕುವವರಿಗೆ ಮೂವರಾಗುತ್ತಾರೆ ಎಂದು ಪಾಠದಲ್ಲಿ ನಾನೇ ಹೇಳುವುದು.

ಬಂಡೆಯ ಹತ್ತಿರ ಹೋದಾಗ ಮೊದಲು ಕಂಡದ್ದು ಅವನ ಕಯಾಕ್, ಖಾಲಿ, ಹೊಟ್ಟೆ ಮೇಲೆ ಮಾಡಿಕೊಂಡು ತೇಲಿಹೋಗುತ್ತಿತ್ತು. ಓಡ್ವಾರ್ ದೋಣಿಯನ್ನು ಅದರ ಹಿಂದೆ ತಿರುಗಿಸಿದ.

"ಎಂಜಿನ್ ನಿಲ್ಸು," ಎಂದೆ.

"ಹುಚ್ಚಾ? ಈ ಅಲೇಲಿ ನಿಲ್ಸಿದ್ರೆ ಬಂಡೆಗೆ ಹೋಗಿ ಬಡೀತೀವಿ."

"ನಿಲ್ಸು ಅಂದ್ನಲ್ಲ! ಕೇಳಿಸ್ಕೋಬೇಕು ನಾನು."

ಬೈದುಕೊಂಡೇ ನಿಲ್ಲಿಸಿದ. ಗಾಳಿ, ನೀರು, ಮತ್ತೆ ಗಾಳಿ. ಅದರ ನಡುವೆ ಹಕ್ಕಿಮರಿಯದೋ ಎನ್ನುವಷ್ಟು ಸಣ್ಣಗೆ ಸೀಟಿ. ನಿಂತಿತು. ಮತ್ತೆ ಬಂತು. ಬಂಡೆಯ ಆಚೆ ಬದಿಯಿಂದ.

ಸೀವರ್ಟ್ ಬಂಡೆಯ ಅಂಚನ್ನು ಅಪ್ಪಿಕೊಂಡಿದ್ದ. ಹತ್ತಲು ಪಾಚಿ ಬಿಡುತ್ತಿರಲಿಲ್ಲ. ಅಲೆ ಬಂದು ಅವನನ್ನು ಕಿತ್ತೆಳೆಯುತ್ತಿತ್ತು, ಜಾಕೆಟ್ ಅವನನ್ನು ಮೇಲೆತ್ತುತ್ತಿತ್ತು, ಮತ್ತೆ ಬಂದು ಹಿಡಿಯುತ್ತಿದ್ದ. ಸೀಟಿ ಹಲ್ಲಿನ ನಡುವೆ. ಮುಖ ಮೇಣದ ಹಾಗೆ. ಓಡ್ವಾರ್ ದೋಣಿಯನ್ನು ಹಿಂದುಮುಂದಾಗಿ ಹತ್ತಿರ ತಂದ. ಹಳೆಯ ಹಾಯಿಬಟ್ಟೆಯನ್ನು ಅವನ ಕೆಳಗೆ ತೂರಿಸಿ, ನೀನು ಆರೋಗ್ಯ ಕೇಂದ್ರದ ನೆಲದ ಮೇಲೆ ನಮ್ಮಿಬ್ಬರಿಗೂ ತೋರಿಸಿಕೊಟ್ಟ ಹಾಗೆಯೇ, ಉದ್ದಕ್ಕೆ ಮಲಗಿಸಿಕೊಂಡೇ ಉರುಳಿಸಿ ಒಳಕ್ಕೆ ತೆಗೆದುಕೊಂಡೆವು.

ಒಳಗೆ ಬಂದವನು ಏಳಲು ನೋಡಿದ. "ಚೆನ್ನಾಗಿದ್ದೀನಿ... ಕೂರ್ತೀನಿ..." ನಾಲಿಗೆ ತೊದಲುತ್ತಿತ್ತು.

"ಅಲ್ಲಾಡಿದ್ರೆ ನಾನೇ ಸಾಯಿಸ್ತೀನಿ," ಎಂದೆ. ಮೇಲೆತ್ತಿದ ಮೇಲೆ ಎದ್ದು ನಿಂತು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಕುಸಿದು ಸತ್ತವರ ಕಥೆ ನೀನೇ ಹೇಳಿದ್ದಲ್ಲವೇ? ಓಡ್ವಾರ್ ಜೇಬಿನಿಂದ ಬಾಟಲಿ ತೆಗೆದ. "ಒಂದೇ ಗುಟುಕು ಕಣೇ, ಪಾಪ." ಅದನ್ನು ಕಿತ್ತು ಸಮುದ್ರಕ್ಕೆ ಎಸೆದೆ. ಇವತ್ತಿಗೂ ಅದರ ಬಗ್ಗೆ ಗೊಣಗುತ್ತಾನೆ. ಸೀವರ್ಟ್‌ನ ಕೈಕಾಲು ಉಜ್ಜಲಿಲ್ಲ, ಉಜ್ಜಿದರೂ ಕುಡಿಸಿದರೂ ತಣ್ಣನೆಯ ರಕ್ತ ಎದೆಗೆ ನುಗ್ಗುತ್ತದೆಂದು ನೀನು ಕಲಿಸಿದ್ದು ನೆನಪಿತ್ತು. ಒದ್ದೆ ಬಟ್ಟೆ ಕತ್ತರಿಸಿ ತೆಗೆದು, ಕಂಬಳಿಯೊಳಗೆ ಅವನ ಪಕ್ಕ ನಾನೇ ಮಲಗಿ ಎದೆಗೆ ಎದೆ ಕೊಟ್ಟು ಅಪ್ಪಿಕೊಂಡೆ. ದೋಣಿಯ ತಳದಲ್ಲಿ ಮೀನಿನ ವಾಸನೆಯ ನೀರು ಸೊಂಟಕ್ಕೆ ಬಡಿಯುತ್ತಿತ್ತು. ಅವನು ನಡುಗತೊಡಗಿದಾಗ, ಸದ್ಯ, ಇನ್ನು ಬದುಕುತ್ತಾನೆ ಎಂದುಕೊಂಡೆ. ದಡದಲ್ಲಿ ರೂನಾ ಕಾಯುತ್ತಿದ್ದಳು. ಕತ್ತಲಾಗುವ ಮೊದಲೇ ಹೆಲಿಕಾಪ್ಟರ್ ಬಂದು ಅವನನ್ನು ಒಯ್ದಿತು.

ಬದುಕಿದ, ಮಾಗ್ನಿಲ್. ಪೂರ್ತಿ ಬದುಕಿದ.

ಆಮೇಲೆ ಶುರುವಾಯಿತು ನೋಡು. ಮನೆ ತುಂಬ ಕೇಕು. ಅಂಗಡಿಗೆ ಹೋದರೆ ಸಾಲು ಬಿಟ್ಟು ಮುಂದೆ ಕಳಿಸುತ್ತಾರೆ. ಪಾದ್ರಿ ಪೀಠದ ಮೇಲಿಂದ ನನ್ನ ಹೆಸರು ಹೇಳಿದ. "ನಿಮ್ಮ ಇಷ್ಟು ವರ್ಷದ ಶ್ರಮ ಸಾರ್ಥಕ ಆಯ್ತು, ಹೆರ್ಡಿಸ್. ಐಲಿಫ್ ಇದ್ದಿದ್ರೆ ಎಷ್ಟು ಹೆಮ್ಮೆ ಪಡ್ತಿದ್ದ!" ಎಂದು ಜನ ಅಪ್ಪಿಕೊಳ್ಳುತ್ತಾರೆ. ಓಡ್ವಾರ್ ಹತ್ತು ವರ್ಷ ಚಿಕ್ಕವನಾಗಿದ್ದಾನೆ. ಎರಡು ತಟ್ಟೆ ಉಣ್ಣುತ್ತಾನೆ, ದೋಣಿಮನೆಗೆ ಹೊಸ ಹಲಗೆ ಬಡಿಯುತ್ತಾನೆ, ಮುಂದಿನ ವರ್ಷ ಪಾಠಕ್ಕೆ ಆಚೆ ದ್ವೀಪಗಳಿಂದಲೂ ಬರುತ್ತಾರಂತೆ ಎನ್ನುತ್ತಾನೆ. ಇದೇ ಕೊನೆ ಎಂದಿದ್ದೆನಲ್ಲ ಎಂದರೆ, "ಈಗ ಬಿಡೋಕಾಗುತ್ತೇನೇ?" ಎಂದು ನನ್ನನ್ನೇ ಕೇಳುತ್ತಾನೆ. ನನಗೆ ಬೇಕಾಗಿರುವುದು ಮಲಗುವುದೊಂದೇ. ಮಲಗಿದರೆ ನಿದ್ದೆಯಿಲ್ಲ. ಊಟದ ಮೇಜಿನಲ್ಲಿ ನಿನ್ನೆ ನಗುತ್ತಾ ನಗುತ್ತಾ ದವಡೆ ನೋಯಿತು.

ಸೀವರ್ಟ್ ಆಸ್ಪತ್ರೆಯಿಂದ ಬಂದವನು ನಮ್ಮ ಮನೆಯಲ್ಲೇ ಇದ್ದಾನೆ. ಎರಡೂ ಕೈಗೆ ಬ್ಯಾಂಡೇಜು, ಮನೆಯಲ್ಲಿ ಒಬ್ಬನೇ ಏನು ಮಾಡುತ್ತಾನೆ? ಮೇಲಿನ ಕೋಣೆ ಖಾಲಿಯಿತ್ತು. ನಾನೇ ಅಂಗಿಯ ಗುಂಡಿ ಹಾಕುತ್ತೇನೆ, ಸೂಪು ಕುಡಿಸುತ್ತೇನೆ. ನಾಚಿಕೊಳ್ಳುತ್ತಾನೆ. "ಇಷ್ಟು ಮೆತ್ತಗೆ ನನ್ನಮ್ಮಾನೂ ತಿನ್ನಿಸ್ಲಿಲ್ಲ," ಎಂದು ತಮಾಷೆ ಮಾಡುತ್ತಾನೆ. ಮನೆಯಲ್ಲಿ ಮತ್ತೆ ಒಬ್ಬ ಗಂಡಸಿನ ಹೆಜ್ಜೆ ಮೆಟ್ಟಿಲ ಮೇಲೆ ಕೇಳುವುದು ಒಳ್ಳೆಯದೋ ಕೆಟ್ಟದ್ದೋ ಹೇಳಲಾರೆ.

ಮೊನ್ನೆ ಓಡ್ವಾರ್ ಅವನನ್ನು ಕೇಳಿಯೇ ಬಿಟ್ಟ, ನೀರಿನಲ್ಲಿ ಹೇಗಿತ್ತು ಎಂದು. ನಾನು ಬೇಡ ಎಂದು ಕಣ್ಸನ್ನೆ ಮಾಡಿದೆ. ಸೀವರ್ಟ್‌ಗೆ ಹೇಳಬೇಕೆಂದೇ ಇತ್ತು.

"ಮೊದಲು ಬಿದ್ದಾಗ ಹೆರ್ಡಿಸ್ ದನಿ ಕೇಳಿಸ್ತು, ನಿಜವಾಗ್ಲೂ. ಒದ್ದಾಡ್ಬೇಡ, ಒರಗು ಅಂತ. ಒರಗಿದೆ. ಉಸಿರು ಬಂತು. ಕಯಾಕ್ ಹಿಡ್ಕೊಂಡೇ ಇದ್ದೆ, ಗಾಳಿ ಎರಡನ್ನೂ ಬಂಡೆ ಕಡೆ ತಳ್ತು. ಅಲ್ಲಿ ಒಂದು ಅಲೆ ಕಯಾಕ್ ಕಿತ್ಕೊಂಡು ಹೋಯ್ತು. ಆಮೇಲೆ ಬಂಡೇನೇ ಗತಿ." ಕಿಟಕಿಯ ಕಡೆ ತಿರುಗಿ ಹೇಳಿದ, "ಜನ ಅಂದ್ಕೊಂಡ ಹಾಗಲ್ಲ ಅದು. ತುಂಬಾ ಹೊತ್ತಿರುತ್ತೆ. ಎಲ್ಲಾನೂ ಯೋಚನೆ ಮಾಡಿದೆ. ಅಮ್ಮನ ಜೊತೆ ಜಗಳ ಆಡಿದ್ದು, ಮುಂದಿನ ಭಾನುವಾರ ಯಾವ ಹಾಡು ನುಡಿಸ್ಬೇಕು ಅನ್ನೋದು. ನಿಮ್ಮನೆ ಚಿಮಣಿ ಹೊಗೆ ಕಾಣ್ತಿತ್ತು ಅಲ್ಲಿಂದ. ಅದನ್ನೇ ನೋಡ್ತಿದ್ದೆ."

ಓಡ್ವಾರ್ ಅವನ ಬೆನ್ನು ತಟ್ಟಿದ. ನಾನು ಒಲೆಯ ಕಡೆ ತಿರುಗಿದೆ.

ಶುಕ್ರವಾರ ರೂನಾ ಬ್ಯಾಂಡೇಜ್ ಬದಲಾಯಿಸಲು ಬಂದಳು. ಅಡುಗೆಮನೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದಳು. ದೋಣಿಯ ಗಡಿಬಿಡಿಯಲ್ಲಿ ರಕ್ತವಷ್ಟೇ ಕಂಡಿತ್ತು, ಅದುವರೆಗೆ ನಾನು ಅವನ ಅಂಗೈ ಸರಿಯಾಗಿ ನೋಡಿರಲಿಲ್ಲ. ಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಗೀರು, ಗೀರಿನ ಮೇಲೆ ಗೀರು, ತುರಿಮಣೆಗೆ ಉಜ್ಜಿದ ಹಾಗೆ. ಉಗುರುಗಳು ಹೋಗಿವೆ.

"ಬಂಡೆಗೆ ಅಂಟಿರ್ತಾವಲ್ಲ ಚೂಪು ಚಿಪ್ಪು, ಅದರದ್ದು," ಎಂದಳು ರೂನಾ ಔಷಧ ಹಚ್ಚುತ್ತಾ. "ಬಂಡೆ ಹಿಡ್ಕೊಂಡು ಇದ್ದೋರ ಕೈಯೆಲ್ಲ ಹೀಗೇ ಇರುತ್ತೆ. ನಮ್ಮೂರಲ್ಲಿ ಇಬ್ಬರದು ನೋಡಿದ್ದೀನಿ. ಇದನ್ನ ನೋಡಿದ್ರೆ ಗೊತ್ತಾಗುತ್ತೆ, ಇವರು ಎಷ್ಟು ಹೋರಾಡಿದ್ದಾರೆ ಅಂತ."

"ಮತ್ತೆ ನುಡಿಸೋಕಾಗುತ್ತಾ?" ಎಂದು ಸೀವರ್ಟ್ ಕೇಳಿದ.

"ವಸಂತಕ್ಕೆ ನುಡಿಸ್ತೀರಿ. ಗಾಯ ಆಳಕ್ಕಿಳಿದಿಲ್ಲ."

ನಾನು ಸೌದೆ ತರುತ್ತೇನೆಂದು ಹೊರಗೆ ಹೋದೆ. ಎಷ್ಟು ಹೊತ್ತು ನಿಂತಿದ್ದೆನೋ. ಓಡ್ವಾರ್ ಬಂದು "ಸೌದೆ ಎಲ್ಲೇ?" ಎಂದಾಗ ಕೈ ಖಾಲಿಯಿತ್ತು.

ಇಷ್ಟು ಸಾಕು. ನೀನು ಬೆಚ್ಚಗಿರು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ, ಹೆಮ್ಮೆ ಬೇಡ. ಕಿವಿಯ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡ. ದೇವರು ನಿನ್ನ ಮತ್ತು ನಿನ್ನ ತಂಗಿಯ ಚಳಿಗಾಲವನ್ನು ಹಗುರ ಮಾಡಲಿ. ನಮ್ಮ ದ್ವೀಪದಲ್ಲಿ ನಿನ್ನ ಕೈಯಲ್ಲಿ ಹುಟ್ಟಿದ ಮಕ್ಕಳೆಲ್ಲ ಚೆನ್ನಾಗಿದ್ದಾರೆ, ಅವರ ಆರೋಗ್ಯವೆಲ್ಲ ನಿನಗೆ ಆಶೀರ್ವಾದವಾಗಿ ಬರಲಿ.

ನಿನ್ನ
ಹೆರ್ಡಿಸ್

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಐಲಿಫ್‌ನನ್ನು ನನಗೆ ತೋರಿಸುವ ಮೊದಲು ಅವನನ್ನು ತೊಳೆದು ಬಟ್ಟೆ ತೊಡಿಸಿದವಳು ನೀನು. ಅವನ ಎರಡೂ ಕೈಗೆ ಉಣ್ಣೆಯ ಕೈಗವಸು ಹಾಕಿದ್ದೆ. ನಾನು ಅದನ್ನು ತೆಗೆದು ಅವನ ಬೆರಳು ಮುಟ್ಟಬೇಕೆಂದು ಹೋದಾಗ ನನ್ನ ಕೈ ಮೇಲೆ ಕೈಯಿಟ್ಟು, "ಬೇಡ ಹೆರ್ಡಿಸ್, ಬೆಚ್ಚಗಿರಲಿ ಬಿಡು," ಎಂದಿದ್ದೆ. ಇಷ್ಟು ವರ್ಷವೂ ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಈಗಲೂ ಪ್ರೀತಿಯೇ ಎಂದುಕೊಳ್ಳುತ್ತೇನೆ. ಆದರೆ ಶುಕ್ರವಾರ ಸೀವರ್ಟ್‌ನ ಅಂಗೈ ನೋಡಿದ ಮೇಲೆ ಆ ಕೈಗವಸು ಕಣ್ಣಿಂದ ಹೋಗುತ್ತಿಲ್ಲ. ಆವತ್ತೂ ನಾನು ಮನೆಯಲ್ಲೇ ಇದ್ದೆ. ಆವತ್ತೂ ಒಲೆ ಉರಿಯುತ್ತಿತ್ತು, ಚಿಮಣಿಯಲ್ಲಿ ಹೊಗೆಯಿತ್ತು. ಓಡ್ವಾರ್‌ಗೆ ಏನೂ ಹೇಳಿಲ್ಲ. ಅವನು ಈಗ ನಿದ್ದೆ ಮಾಡುತ್ತಿದ್ದಾನೆ, ಮಾಡಲಿ. ನಿನ್ನ ಮೇಲೆ ಕೋಪವಿಲ್ಲ, ನಿನ್ನ ಆ ಒಂದು ಮಾತಿನ ಮೇಲೆ ನಿಂತ ಪಾಠವೇ ಒಬ್ಬನನ್ನು ಉಳಿಸಿತು. ಇದಕ್ಕೆ ಉತ್ತರ ಬರೆಯಬೇಡ. ಫೆರಿ ಇನ್ನೂ ದಿನಕ್ಕೊಂದು ಇದೆ, ಬಾ. ಬಂದು ನನ್ನ ಎದುರು ಕೂತು, ನನ್ನ ಕಣ್ಣು ನೋಡಿಕೊಂಡು, ಮೊದಲನೇ ಉಸಿರಿಗೇ ಮುಗಿದಿತ್ತು ಎಂದು ಇನ್ನೊಂದು ಸಲ ಹೇಳು. ನಂಬಲು ಪ್ರಯತ್ನ ಮಾಡುತ್ತೇನೆ.